ಅಂಗಡಿ ಮಾಮ ಕೇಳಿಸಿಕೊಳ್ಳದ ಸುದ್ದಿ

ಮಳೆಗಾಲ ಮುಗಿದ ಮೇಲೆ ಬೀರುವಿನ ರೇಷ್ಮೆ ಸೀರೆಗಳನ್ನೆಲ್ಲ ತೆಗೆದು, ಮಡಿಕೆ ಬದಲಾಯಿಸಿ, ಒಂದಿಷ್ಟು ಹೊತ್ತು ಗಾಳಿಗೆ ಹರವಿ ಮತ್ತೆ ಒಳಗಿಡುವುದು ನನ್ನ ಪ್ರತಿವರ್ಷದ ಕೆಲಸ. ಈ ಸಲ ಧಾರೆ ಸೀರೆಯ ಮಡಿಕೆ ಬಿಚ್ಚಿದಾಗ ಒಳಗಿನಿಂದ ಲಾವಂಚದ ಬೇರಿನ ಸಣ್ಣ ಕಟ್ಟೊಂದು ಕೆಳಗೆ ಬಿತ್ತು. ಬಿಳಿ ನೂಲಿನಲ್ಲಿ ಬಿಗಿಯಾಗಿ ಸುತ್ತಿದ ಕಟ್ಟು. ಒಣಗಿ ಕಡ್ಡಿಯಂತಾಗಿದ್ದ ಅದಕ್ಕೆ ವಾಸನೆ ಏನೂ ಉಳಿದಿರಲಿಲ್ಲ. ಸೀರೆ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಂಡಿದ್ದೆ, ಆದರೂ ಬೆರಳ ಸಂದಿಯಲ್ಲಿ ಎಲ್ಲೋ ಒಂದಿಷ್ಟು ತೇವ ಇತ್ತೆಂದು ಕಾಣುತ್ತದೆ. ಲಾವಂಚಕ್ಕೆ ಅಷ್ಟು ಸಾಕು. ಮಣ್ಣೂ ಅಲ್ಲದ, ಹೂವೂ ಅಲ್ಲದ ಆ ತಣ್ಣಗಿನ ವಾಸನೆ ಮೆಲ್ಲಗೆ ಎದ್ದು ಬಂತು. ನಾನು ಮಂಚದ ತುದಿಯಲ್ಲಿ ಹಾಗೇ ಕೂತೆ...

ಆ ಕಟ್ಟನ್ನು ನನಗೆ ಕೊಟ್ಟವರು ಅಂಗಡಿ ಮಾಮ. ಚಾಮರಾಜಪೇಟೆಯ ನಮ್ಮ ಬೀದಿಯ ಮೂಲೆಯಲ್ಲಿ ಅವರದೊಂದು ಗ್ರಂಧಿಗೆ ಅಂಗಡಿ ಇತ್ತು. ಗ್ರಂಧಿಗೆ ಅಂಗಡಿ ಎಂದರೆ ಈಗಿನ ಮಕ್ಕಳು ಮುಖ ಮುಖ ನೋಡುತ್ತಾರೆ. ಅರಿಶಿನ, ಕುಂಕುಮ, ಊದಿನಕಡ್ಡಿ, ಹೋಮದ ಸಮಿತ್ತು, ಬಾಣಂತಿಗೆ ಬೇಕಾದ ಶುಂಠಿ ಹಿಪ್ಪಲಿ, ಮಗುವಿಗೆ ತೇಯುವ ಬಜೆ, ಮದುವೆಯ ಬಾಸಿಂಗ, ಕೊನೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಬೇಕಾಗುವ ಸಾಮಾನು, ಎಲ್ಲವೂ ಸಿಗುವ ಒಂದು ಇಕ್ಕಟ್ಟು ಜಾಗ. ದೊಡ್ಡವರು ಅವರನ್ನು ಶೆಟ್ಟರು ಎನ್ನುತ್ತಿದ್ದರು. ಮಕ್ಕಳಿಗೆಲ್ಲ ಅವರು ಅಂಗಡಿ ಮಾಮ. ಅಂಗಡಿಯ ಮೇಲಿನ ಮನೆಯಲ್ಲೇ ಇದ್ದ ಅವರ ಹೆಂಡತಿ ನಮಗೆ ಅತ್ತೆ.

ಅಂಗಡಿಯ ಒಳಗೆ ಎರಡು ಗೋಡೆಗೂ ಮರದ ಸಣ್ಣ ಸಣ್ಣ ಖಾನೆಗಳಿದ್ದವು. ಬಲಗಡೆಯವು ಶುಭಕ್ಕೆ, ಎಡಗಡೆಯವು ಇನ್ನೊಂದಕ್ಕೆ. ಮಾಮ ಹಾಗೇ ಹೇಳುತ್ತಿದ್ದರು, "ಇನ್ನೊಂದು" ಎಂದು. ಸಾವು ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ನೆನಪಿಲ್ಲ. ಮೇಲಿಂದ ಇಳಿಬಿದ್ದ ನೂಲಿನ ಉಂಡೆಯಿಂದ ದಾರ ಎಳೆದು, ಪೊಟ್ಟಣಕ್ಕೆ ಸುತ್ತಿ, ಬೆರಳಿನಲ್ಲೇ ಪಟ್ಟನೆ ಕಡಿಯುತ್ತಿದ್ದರು. ಶುಭದ ಸಾಮಾನಾದರೆ ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟು "ಹೋಗಿ ಬನ್ನಿ" ಎನ್ನುವರು. ಇನ್ನೊಂದಾದರೆ ಪೊಟ್ಟಣವನ್ನು ಹಲಗೆಯ ಮೇಲಿಟ್ಟು ಸುಮ್ಮನೆ ನಿಲ್ಲುವರು. ತೆಗೆದುಕೊಳ್ಳುವವರೂ ಮಾತಾಡದೆ ಎತ್ತಿಕೊಂಡು ಹೋಗುವರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅದಕ್ಕೇ ಮಾಮ ನನ್ನ ಹೆಸರು ಹಿಡಿದು ಕರೆದವರೇ ಅಲ್ಲ.

"ಏನಮ್ಮಾ ಕಾನ್ವೆಂಟು, ಬಜೆಗೆ ಇಂಗ್ಲಿಷಲ್ಲಿ ಏನಂತಾರೆ?"

"ಗೊತ್ತಿಲ್ಲ ಮಾಮ."

"ನಂಗೂ ಗೊತ್ತಿಲ್ಲ. ನಿಮ್ಮ ಸಿಸ್ಟರ್‌ನ ಕೇಳ್ಕೊಂಡು ಬಾ, ಬೋರ್ಡ್ ಬರೆಸೋಣ."

ನಾನು ನಿಜವಾಗಿ ಹೋಗಿ ಕೇಳಿದೆ. ಸಿಸ್ಟರ್ ನಕ್ಕು, ಅದೇನೆಂದು ನನ್ನನ್ನೇ ಕೇಳಿದರು. ಮಾಮನಿಗೆ ಬಂದು ಹೇಳಿದಾಗ, "ಹೋಗ್ಲಿ ಬಿಡು, ಅವರ ಮಕ್ಕಳಿಗೆ ಹೊಟ್ಟೆನೋವು ಬರಲ್ವೇನೋ" ಎಂದರು. ಮೆಟ್ಟಿಲ ಮೇಲೆ ಕಾಫಿ ಹಿಡಿದು ನಿಂತಿದ್ದ ಅತ್ತೆ, "ಸಿಸ್ಟರ್‌ಗೆ ಎಲ್ಲಿಯ ಮಕ್ಕಳು? ನಿಮಗೊಂದು ಬುದ್ಧಿ ಇಲ್ಲ" ಎಂದು ಬೈದರು. ಮಾಮ ನಾಲಿಗೆ ಕಚ್ಚಿಕೊಂಡರು.

ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆದರೂ ಮೊದಲು ಓಡಿಬರುತ್ತಿದ್ದುದು ಆ ಅಂಗಡಿಗೆ. ಸಾಮಾನಿಗಿಂತ ಹೆಚ್ಚಾಗಿ, ಏನು ಮಾಡಬೇಕೆಂದು ಕೇಳಲಿಕ್ಕೆ. ಹೆಣ ಹೋಗುವಾಗ ಅಂಗಡಿಯ ಬಾಗಿಲಿನ ಹಲಗೆಗಳಲ್ಲಿ ಒಂದನ್ನು ಮಾಮ ಮುಚ್ಚುತ್ತಿದ್ದರು, ಅದು ತಿರುವು ದಾಟಿದ ಮೇಲೆ ತೆಗೆಯುತ್ತಿದ್ದರು. ರಾಮನವಮಿಗೆ ಪಾನಕ, ಕೋಸಂಬರಿ ಹಂಚುವುದು ಅವರ ಮುಂದಾಳುತನದಲ್ಲೇ. ಬಿಸಿಲಿನಲ್ಲಿ ನಿಂತು ಕೂಗಿ ಕೂಗಿ ಕರೆಯುವರು, ಬಸ್ಸಿನಲ್ಲಿ ಕೂತವರಿಗೂ ಕಿಟಕಿಯಿಂದ ಲೋಟ ಕೊಡುವರು, ಬಸ್ಸು ಹೊರಟುಬಿಟ್ಟರೆ ಲೋಟಕ್ಕಾಗಿ ಹಿಂದೆ ಓಡುವರು.

ದೂರದಲ್ಲಿರುವ ದಾಯಾದಿಗಳು ತೀರಿಕೊಂಡರೆ ಸೂತಕದ ಲೆಕ್ಕ ಹೇಗೆ ಎಂದು ಕೇಳಿಕೊಂಡು ಬರುವವರು ಯಾವಾಗಲೂ ಇರುತ್ತಿದ್ದರು. ಮಾಮ ಮೊದಲು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಕಿವಿಗೆ ಯಾವಾಗ ಬಿತ್ತು?" ಏಕೆಂದರೆ ಸುದ್ದಿ ಕೇಳಿದ ಗಳಿಗೆಯಿಂದ ಸೂತಕ. ಕೇಳುವವರೆಗೆ ಇಲ್ಲ. ಸೂತಕ ಬಂದವರು ಮದುವೆಮನೆಯೊಳಗೆ ಕಾಲಿಡುವ ಹಾಗಿಲ್ಲ, ಶುಭದ ಸಾಮಾನು ಮುಟ್ಟುವ ಹಾಗಿಲ್ಲ. ಒಮ್ಮೆ ಹಿಂದಿನ ಬೀದಿಯ ಹೆಂಗಸೊಬ್ಬರು ಸತ್ಯನಾರಾಯಣ ಪೂಜೆಯ ಸಾಮಾನು ಕಟ್ಟಿಸಿಕೊಳ್ಳುತ್ತಾ ದನಿ ತಗ್ಗಿಸಿ ಕೇಳಿದರು.

"ಶೆಟ್ರೇ, ನಮ್ಮ ಯಜಮಾನ್ರ ದೊಡ್ಡಪ್ಪಂಗೆ ಊರಲ್ಲಿ ತುಂಬಾ ಸೀರಿಯಸ್ಸಂತೆ. ನಾಳೆ ಪೂಜೆ ಇಟ್ಕೊಂಡ್ಬಿಟ್ಟಿದೀವಿ. ಏನ್ ಮಾಡ್ಲಿ?"

"ಪೂಜೆ ಮುಗಿಯೋವರ್ಗೂ ಫೋನು ಎತ್ಬೇಡಿ ತಾಯಿ. ಕಿವಿಗೆ ಬಿದ್ರೆ ತಾನೆ!"

ಅಂಗಡಿಯಲ್ಲಿ ನಿಂತಿದ್ದವರೆಲ್ಲ ನಕ್ಕರು. ಅತ್ತೆ ಮಾತ್ರ ಮೇಲಿನಿಂದಲೇ, "ಒಳ್ಳೆ ಉಪಾಯ ಹೇಳ್ಕೊಡ್ತೀರಿ. ಆ ದೊಡ್ಡಪ್ಪ ಕೇಳಿಸ್ಕೊಂಡ್ರೆ ಇನ್ನೊಂದು ವಾರ ಹಟಕ್ಕೆ ಬದುಕ್ತಾರೆ" ಎಂದರು.

ಮದುವೆಗಳಲ್ಲಿ ಮಾಮನ ಜಾಗ ಉಗ್ರಾಣ. ಛತ್ರದಲ್ಲಿ ಅಡಿಗೆಮನೆಯ ಪಕ್ಕದಲ್ಲೊಂದು ಕತ್ತಲೆ ಕೋಣೆ ಇರುತ್ತಿತ್ತು. ಅಕ್ಕಿ, ಬೇಳೆ, ತುಪ್ಪ, ತೆಂಗಿನಕಾಯಿ, ವೀಳ್ಯದೆಲೆ, ಧಾರೆಗೆ ಬೇಕಾದ ಪ್ರತಿಯೊಂದು ಸಾಮಾನೂ ಅಲ್ಲೇ. ಅದರ ಬೀಗದ ಕೈ ಯಾರ ಸೊಂಟದಲ್ಲಿರುತ್ತದೋ ಅವರ ಮೇಲೆ ಮದುವೆಯ ಮಾನ. ಅಡಿಗೆಯವರು ಒಂದು ಕಡೆಯಿಂದ, ಪುರೋಹಿತರು ಇನ್ನೊಂದು ಕಡೆಯಿಂದ, ಗಂಡಿನ ಕಡೆಯವರು ಮತ್ತೊಂದು ಕಡೆಯಿಂದ ಕೇಳುತ್ತಲೇ ಇರುತ್ತಾರೆ. ಇಲ್ಲ ಎನ್ನುವ ಹಾಗಿಲ್ಲ, ಕೇಳಿದಷ್ಟೂ ಕೊಡುವ ಹಾಗೂ ಇಲ್ಲ. ನಮ್ಮ ಬೀದಿಯ ಮದುವೆಗಳಿಗೆಲ್ಲ ಉಗ್ರಾಣ ಮಾಮನದೇ. ಅವರ ದೊಡ್ಡ ಮಗಳ ಮದುವೆಯಲ್ಲೂ ಅಭ್ಯಾಸಬಲದಿಂದ ಉಗ್ರಾಣ ಸೇರಿಕೊಂಡುಬಿಟ್ಟಿದ್ದರು. ಪುರೋಹಿತರು ಮಂಟಪದಿಂದ, "ಕನ್ಯಾದಾನಕ್ಕೆ ತಂದೆ ಬೇಕು ಸ್ವಾಮೀ, ಯಾರಾದ್ರೂ ಹುಡುಕಿ" ಎಂದು ಕೂಗಬೇಕಾಯಿತು. ಕೈಯೆಲ್ಲ ಬೆಲ್ಲ ಮಾಡಿಕೊಂಡು ಓಡಿಬಂದ ಮಾಮನನ್ನು ನೋಡಿ ಅತ್ತೆ, "ಊರಿನ ಮದುವೆಗೆಲ್ಲ ಇವರೇ ಹೆಣ್ಣಿನ ಕಡೆ. ಸ್ವಂತ ಮಗಳ ಮದುವೇಲಿ ಮಾತ್ರ ಅಡಿಗೆಯವರ ಕಡೆ" ಎಂದರು. ಬೀಗರೂ ನಕ್ಕರು.

ಮಾಮನಿಗೊಬ್ಬ ಅಣ್ಣ ಇದ್ದರು, ದೊಡ್ಡಬಳ್ಳಾಪುರದಲ್ಲಿ. ತಂದೆ ಬೇಗ ಹೋಗಿದ್ದರಿಂದ ಮಾಮನನ್ನು ಬೆಳೆಸಿದವರು ಅವರೇ. ಚಾಮರಾಜಪೇಟೆಯ ಅಂಗಡಿಯನ್ನು ಶುರುಮಾಡಿದವರೂ ಅವರೇ. ಆಮೇಲೆ ಊರಿನಲ್ಲಿ ತಾಯಿಯನ್ನು ನೋಡಿಕೊಳ್ಳಲು ಒಬ್ಬರು ಇರಬೇಕು ಎಂದು ಅಂಗಡಿಯನ್ನು ತಮ್ಮನ ಕೈಗಿಟ್ಟು ಹೊರಟುಹೋದರಂತೆ. ಆಗಾಗ ಬರುತ್ತಿದ್ದರು. ಉದ್ದನೆಯ ಮನುಷ್ಯ. ತಲೆ ಪೂರ್ತಿ ಬೋಳಾಗಿದ್ದ ಮಾಮನನ್ನು ಅವರು ಕರೆಯುತ್ತಿದ್ದುದು "ಮರಿ" ಎಂದು. ನಮಗೆಲ್ಲ ಅದು ತಮಾಷೆ. ಅಣ್ಣ ತಮ್ಮ ಇಬ್ಬರೂ ಅಂಗಡಿಯ ಜಗುಲಿಯಲ್ಲಿ ಒಂದೇ ಎಲೆಯಿಂದ ದೋಸೆ ಮುರಿದುಕೊಂಡು ತಿನ್ನುತ್ತಾ ಕೂತಿರುತ್ತಿದ್ದರು. ಮಾತೇ ಇಲ್ಲ. ಚಟ್ನಿಯನ್ನು ಮಾತ್ರ ಅವರು ಇವರ ಕಡೆಗೆ, ಇವರು ಅವರ ಕಡೆಗೆ ತಳ್ಳುವರು.

ನಾನು ಡಿಗ್ರಿ ಮುಗಿಸಿದ ವರ್ಷ ನಮ್ಮಪ್ಪ ಹೋದರು. ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ ಕೂತವರು ಏಳಲಿಲ್ಲ. ಅವತ್ತು ಎಡಗಡೆಯ ಖಾನೆಗಳಿಂದ ಸಾಮಾನು ಕಟ್ಟಿ, ಮಾಮ ತಾವೇ ಮನೆಗೆ ತಂದು ಬಾಗಿಲ ಬದಿಗಿಟ್ಟರು. ನನಗೆ ಮೊದಲೇ ಒಂದು ಸಂಬಂಧ ಗೊತ್ತಾಗಿತ್ತು. ವರ್ಷದೊಳಗೆ ಮದುವೆ ಮಾಡಬೇಕು, ಇಲ್ಲದಿದ್ದರೆ ವರ್ಷಗಟ್ಟಲೆ ಕಾಯಬೇಕು ಎಂದರು ಹಿರಿಯರು. ಗಂಡಿನ ಮನೆಯವರು ಒಪ್ಪಿದರು, ಆದರೆ ಹುಡುಗನ ಅಜ್ಜಿಗೆ ಸಮಾಧಾನವಿರಲಿಲ್ಲ. ಸಾವಾದ ಮನೆಯಿಂದ ಇಷ್ಟು ಬೇಗ ಹೆಣ್ಣು ತರುವುದು ಬೇಡ, ಏನಾದರೂ ಒಂದು ಅಪಶಕುನವಾದರೂ ಅಲ್ಲಿಂದಲೇ ಎದ್ದು ಬರುತ್ತೇನೆ ಎಂದು ನಮ್ಮ ಮನೆಯಲ್ಲೇ ಕೂತು ಹೇಳಿದ್ದರು. ಅಮ್ಮ ಕಾಫಿ ತಟ್ಟೆ ಹಿಡಿದು ಹಾಗೇ ನಿಂತಿದ್ದಳು.

ಮಾರನೆಯ ದಿನ ಅಮ್ಮ ಮಾಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳಂತೆ. ನಮಗೆ ಗಂಡು ದಿಕ್ಕು ಎಂದರೆ ಕಣ್ಣು ಸರಿಯಾಗಿ ಕಾಣದ ಒಬ್ಬ ಸೋದರಮಾವ ಮಾತ್ರ.

"ಉಗ್ರಾಣ ನಂದು ತಾಯಿ" ಎಂದರು ಮಾಮ. "ಒಂದು ಸೊಲ್ಲು ಬರದ ಹಾಗೆ ಮಾಡಿ ಮುಗಿಸ್ತೀನಿ. ನೀವು ಯೋಚ್ನೆ ಬಿಟ್ಟಾಕಿ."

ಅದೇ ಸಮಯಕ್ಕೆ ದೊಡ್ಡಬಳ್ಳಾಪುರದಲ್ಲಿ ಅಣ್ಣ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಮಾಮ ಪ್ರತಿ ಭಾನುವಾರ ಹೋಗಿ ಗಡ್ಡ ಹೆರೆದು, ಮೈ ಒರೆಸಿ, ಸಂಜೆಯ ಬಸ್ಸಿಗೆ ಬರುತ್ತಿದ್ದರು. ನನ್ನ ಮದುವೆಯ ಹಿಂದಿನ ಭಾನುವಾರ ಮಾತ್ರ ಹೋಗಲಿಲ್ಲ. ಅವತ್ತು ಛತ್ರಕ್ಕೆ ಸಾಮಾನು ಸಾಗಿಸುವುದಿತ್ತು. ಅಂಗಡಿಯಿಂದ ಫೋನು ಮಾಡಿ, "ಅಣ್ಣನ ಕಿವಿಗೆ ಇಡು ಮಗ" ಎಂದು ಅಣ್ಣನ ಮಗನಿಗೆ ಹೇಳಿ, ಗಟ್ಟಿಯಾಗಿ ಮಾತಾಡಿದ್ದನ್ನು ನಾನೇ ಕೇಳಿದ್ದೇನೆ. "ಅಣ್ಣಾ, ಈ ಮದುವೆ ಒಂದು ಮುಗಿಸ್ಕೊಂಡು ಬಂದು ಒಂದು ವಾರ ಇರ್ತೀನಿ. ಕಾಯ್ತಿರು." ಆಮೇಲೆ ನನ್ನ ಕಡೆ ತಿರುಗಿ, ಬಲಗಡೆಯ ಖಾನೆಯಿಂದ ಲಾವಂಚ ತೆಗೆದು ಕಟ್ಟಿಕೊಟ್ಟರು. ಸೀರೆಯ ಮಡಿಕೆಯಲ್ಲಿಡು, ಹುಳ ಬರಲ್ಲ ಎಂದರು.

ಛತ್ರ ಬಸವನಗುಡಿಯಲ್ಲಿತ್ತು. ಮಾಮ ಹಿಂದಿನ ಸಂಜೆಯಿಂದಲೇ ಅಲ್ಲಿದ್ದರು. ಹೆಣ್ಣಿನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಓಣಿ, ಓಣಿಯ ಆಚೆಗೆ ಉಗ್ರಾಣದ ಬಾಗಿಲು, ಓಣಿಯ ಕೊನೆಗೆ ಸಣ್ಣ ಗೇಟು. ಬೆಳಿಗ್ಗೆ ನನಗೆ ಧಾರೆ ಸೀರೆ ಉಡಿಸಿ, ಕದಲಬೇಡ ಎಂದು ಕೂರಿಸಿ ಎಲ್ಲರೂ ಹೊರಗೆ ಹೋಗಿದ್ದರು. ಜಡೆಯ ಭಾರಕ್ಕೆ ಕತ್ತು ನೋಯುತ್ತಿತ್ತು. ಎದ್ದು ಕಿಟಕಿಯ ಬಳಿ ನಿಂತೆ.

ಗೇಟಿನ ಆಚೆ ಅತ್ತೆ ನಿಂತಿದ್ದರು.

ಅವರು ಬರುತ್ತಾರೆಂದು ಗೊತ್ತಿತ್ತು. ಹಸಿರು ಧರ್ಮಾವರಂ ಉಟ್ಟು ಬರುತ್ತೇನೆ, ನಿನ್ನ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತೇನೆ ಎಂದು ಹೇಳಿದ್ದರು. ಆದರೆ ಉಟ್ಟಿದ್ದುದು ಮನೆಯಲ್ಲುಡುವ ಹತ್ತಿ ಸೀರೆ. ತಲೆಗೂದಲು ಒದ್ದೆ. ಸ್ನಾನ ಮಾಡಿ ಬಾಚಿಕೊಳ್ಳದೆ ಹಾಗೇ ಬಂದ ಹಾಗೆ, ನೀರು ರವಿಕೆಯ ಬೆನ್ನಿಗೆ ಇಳಿದಿತ್ತು. ಮುಡಿಯಲ್ಲಿ ಹೂವಿಲ್ಲ. ಗೇಟು ತೆರೆದೇ ಇತ್ತು, ಅವರು ಒಳಗೆ ಕಾಲಿಡಲಿಲ್ಲ.

ಉಗ್ರಾಣದಿಂದ ತೆಂಗಿನಕಾಯಿಯ ಬುಟ್ಟಿ ಹಿಡಿದು ಹೊರಬಂದ ಮಾಮ ಅವರನ್ನು ನೋಡಿದರು. ಅತ್ತೆಯ ತುಟಿ ಬಿಚ್ಚಿತು. ಮಾಮ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ಒಂದು ಕೈ ಮೇಲೆತ್ತಿದರು. ಬೇಡ ಎನ್ನುವ ಹಾಗೆ. ಅತ್ತೆ ಬಾಯಿ ಮುಚ್ಚಿದರು. ಮಾಮ ಅವರ ಮುಖವನ್ನೇ ನೋಡಿದರು. ಒಳಗಿನಿಂದ ಯಾರೋ "ಶೆಟ್ರೇ, ಕಾಯಿ!" ಎಂದು ಕೂಗಿದರು. ಮಾಮ ತಿರುಗಿ ಒಳಗೆ ಹೋದರು.

ಏನೋ ಮನಸ್ತಾಪ ಇರಬೇಕು ಎಂದುಕೊಂಡೆ. ಇಪ್ಪತ್ತೆರಡರ ಹುಡುಗಿಗೆ, ಅದೂ ಧಾರೆಯ ಹೊತ್ತಿನಲ್ಲಿ, ಅಷ್ಟೇ ತೋಚಿದ್ದು. ಆಮೇಲೆ ನನ್ನನ್ನು ಕರೆದೊಯ್ದರು. ಅಂತರಪಟ, ಹೊಗೆ, ಗಟ್ಟಿಮೇಳ. ಅಜ್ಜಿ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು ಎಲ್ಲವನ್ನೂ ನೋಡುತ್ತಿದ್ದರು. ಅವರಿಗೆ ಎತ್ತಿ ಆಡಲಿಕ್ಕೆ ಒಂದು ಸಣ್ಣ ಲೋಪವೂ ಸಿಗಲಿಲ್ಲ. ಊಟದಲ್ಲಿ ಎರಡನೆಯ ಸಲ ಚಿರೋಟಿ ಕೇಳಿದರಂತೆ.

ಅತ್ತೆ ಗಟ್ಟಿಮೇಳ ಕೇಳುವವರೆಗೂ ಗೇಟಿನ ಬಳಿಯೇ ಇದ್ದರಂತೆ. ವಾದ್ಯ ನಿಂತ ಮೇಲೆ ಚಿಕ್ಕ ಮಗಳನ್ನು ಕರೆದುಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದರಂತೆ. ಮಾಮ ಕೊನೆಯ ಪಂಕ್ತಿ ಏಳುವವರೆಗೆ ಉಗ್ರಾಣದಲ್ಲಿದ್ದರು. ಆಮೇಲೆ ಬೀಗದ ಕೈಯನ್ನು ಅಮ್ಮನ ಕೈಗೆ ಕೊಡದೆ ಕಿಟಕಿಯ ದಂಡೆಯ ಮೇಲಿಟ್ಟು, "ಇನ್ನು ನಾನು ಮುಟ್ಟೋ ಹಾಗಿಲ್ಲ ತಾಯಿ" ಎಂದು ಹೇಳಿ ಹೊರಟರು. ಅಮ್ಮನಿಗೆ ಆಗ ಅರ್ಥವಾಯಿತು.

ಇದೆಲ್ಲ ನನಗೆ ತಿಳಿದದ್ದು ಮೊದಲ ಸಲ ತವರಿಗೆ ಬಂದಾಗ. ಅಣ್ಣ ಬೆಳಗಿನ ಜಾವ ಹೋಗಿದ್ದರಂತೆ, ಅತ್ತೆಗೆ ಫೋನು ಬಂದಿತ್ತಂತೆ. ದೊಡ್ಡಬಳ್ಳಾಪುರದಲ್ಲಿ ಮಾಮನಿಗಾಗಿ ಸಂಜೆಯವರೆಗೆ ಕಾದರಂತೆ. ಮಾಮ ಬರುತ್ತಾರೆ, ಬರುತ್ತಾರೆ ಎಂದು ಅತ್ತೆ ಹೇಳುತ್ತಲೇ ಇದ್ದರಂತೆ. ಇನ್ನು ಹೊತ್ತು ಮುಳುಗಿದರೆ ಕಷ್ಟ ಎಂದು ಎತ್ತಿದರಂತೆ. ಮಾಮ ಊರು ತಲುಪಿದಾಗ ಜನ ಸ್ಮಶಾನದಿಂದ ವಾಪಸ್ಸು ಬರುತ್ತಿದ್ದರು. ಅಣ್ಣನ ಮಗ ಒದ್ದೆ ಪಂಚೆಯಲ್ಲಿ ಎದುರಾಗಿ ಕೇಳಿದನಂತೆ.

"ಚಿಕ್ಕಪ್ಪಾ, ಫೋನು ಬರ್ಲಿಲ್ವಾ?"

"ಬಂತು."

ಅಷ್ಟೇ ಹೇಳಿದರಂತೆ. ಆ ಹುಡುಗ ಮುಂದೆ ನಡೆದನಂತೆ. ಆಮೇಲೆ ಅವನು ಚಾಮರಾಜಪೇಟೆಯ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಅಮ್ಮ ಇದನ್ನು ಹೇಳುವಾಗ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನಾನೂ ಒಂದೆರಡು ತೆಗೆದುಕೊಂಡು ನಾರು ಬಿಡಿಸತೊಡಗಿದೆ. ಥ್ಯಾಂಕ್ಸ್ ಹೇಳುವುದನ್ನು ಕಾನ್ವೆಂಟಿನಲ್ಲಿ ಚೆನ್ನಾಗಿ ಕಲಿಸಿದ್ದರು. ಇಂಥದಕ್ಕೆ ಏನು ಹೇಳುವುದೆಂದು ಯಾರೂ ಕಲಿಸಿರಲಿಲ್ಲ...

ಅಂಗಡಿ ಎಂದಿನಂತೆ ನಡೆಯಿತು. ಮಾಮ ಎಂದಿನಂತೆ ರಾಮನವಮಿಗೆ ಪಾನಕ ಹಂಚಿದರು, ಚಿಕ್ಕ ಮಗಳ ಮದುವೆ ಮಾಡಿದರು. ಮದುವೆಗಳಿಗೆ ಕರೆದರೆ ಹೋಗುತ್ತಿದ್ದರು, ಆದರೆ ಉಗ್ರಾಣದ ಬೀಗದ ಕೈ ಮಾತ್ರ ಹಿಡಿಯಲಿಲ್ಲ. "ವಯಸ್ಸಾಯ್ತು, ಮರೆವು" ಎನ್ನುತ್ತಿದ್ದರು. ಮರೆವೇನೂ ಇರಲಿಲ್ಲ. ಯಾರ ಮನೆಗೆ ಯಾವ ಹಬ್ಬಕ್ಕೆ ಎಷ್ಟು ಕರ್ಪೂರ ಬೇಕೆಂಬುದೂ ನೆನಪಿತ್ತು.

ನನ್ನ ಮಗ ಹುಟ್ಟಿದಾಗ ಬಾಣಂತನದ ಸಾಮಾನಿಗೆ ಅಮ್ಮನ ಜೊತೆ ನಾನೂ ಹೋದೆ. ಮಾಮ ಬಜೆಯ ತುಂಡುಗಳನ್ನು ಆರಿಸುತ್ತಿದ್ದರು. ಅಮ್ಮ ಪಕ್ಕದ ಅಂಗಡಿಯವರ ಜೊತೆ ಮಾತಿಗೆ ನಿಂತಿದ್ದಳು. ನಾನು ಯಾವ ಧೈರ್ಯದ ಮೇಲೋ ಕೇಳಿಬಿಟ್ಟೆ.

"ಅವತ್ತು ನೀವು ಹೋಗ್ಬಹುದಿತ್ತು ಮಾಮ. ಬೀಗದ ಕೈ ಯಾರಿಗಾದ್ರೂ ಕೊಟ್ಟು."

ಮಾಮ ತುಂಡನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ತೆಗೆದುಕೊಂಡರು.

"ನಾನು ಎದ್ದು ಹೋಗಿದ್ರೆ ಯಾಕೆ ಹೋದ ಅಂತ ಕೇಳ್ತಿರ್ಲಿಲ್ವಾ ಮಗ? ಆ ಅಜ್ಜಿ ಸುಮ್ನೆ ಕೂರೋ ಅಜ್ಜೀನಾ?" ಎಂದರು. ಆ ತುಂಡನ್ನೂ ಪಕ್ಕಕ್ಕಿಟ್ಟು, "ನಮ್ಮಣ್ಣ ಇದ್ದಿದ್ರೆ ಸರಿ ಅಂತಿದ್ನೋ, ಕೆನ್ನೆಗೆ ಬಿಡ್ತಿದ್ನೋ... ಯಾರನ್ನ ಕೇಳೋದು ಹೇಳು?" ಎಂದರು.

ಆಮೇಲೆ ಪೊಟ್ಟಣ ಕಟ್ಟಿ, ಎದ್ದು ನಿಂತು, ಎರಡೂ ಕೈಯಲ್ಲಿ ಕೊಟ್ಟರು. "ಹೋಗಿ ಬಾ ಕಾನ್ವೆಂಟು."

ಅವರು ಹೋಗಿದ್ದು ಕೆಲವು ವರ್ಷಗಳ ಹಿಂದೆ. ನಾನು ಕುಮಾರ ಪಾರ್ಕಿನ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೆ ಉಪ್ಪಿಟ್ಟು ಕೆದಕುತ್ತಿದ್ದೆ. ಫೋನು ಮಾಡಿದ್ದು ಅತ್ತೆಯೇ.

"ನಿಮ್ಮ ಮಾಮ ಹೋದ್ರು ಕಣೆ. ಬಾ. ಮುಖ ನೋಡ್ಬಿಟ್ಟು ಹೋಗು."

ದನಿ ಗಟ್ಟಿಯಾಗಿತ್ತು. ಅಳು ಇರಲಿಲ್ಲ. ನನಗೂ ಬರಲಿಲ್ಲ. ಒಲೆ ಆರಿಸಿ, ಕೈಗೆ ಸಿಕ್ಕಿದ ಸೀರೆ ಉಟ್ಟು ಹೊರಟೆ.

ಹೋಗಿ ನೋಡಿದರೆ ಅತ್ತೆ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದರು. ಹೆಣ್ಣುಮಕ್ಕಳು ಇಬ್ಬರೂ ನಾವು ಮಾಡ್ತೀವಿ ಕೊಡಮ್ಮ ಎಂದರೂ ಫೋನು ಬಿಡುತ್ತಿರಲಿಲ್ಲ. ಎದುರು ಮನೆಯವರದು ಅವತ್ತು ಬೇರೆ ಬಡಾವಣೆಯಲ್ಲಿ ಗೃಹಪ್ರವೇಶ. ಯಾರೋ ಹಿರಿಯರು, "ಅವರಿಗೆ ಈಗ ಬೇಡ, ಸಂಜೆ ಹೇಳಿದ್ರಾಯ್ತು" ಎಂದರು.

"ಅವರಿಗೂ ಹೇಳಿ" ಎಂದರು ಅತ್ತೆ. "ಬರೋದು ಬಿಡೋದು ಅವರಿಷ್ಟ. ಹೇಳೋದು ನನ್ನ ಕೆಲಸ."

ಹೇಳಿದರು. ಎದುರು ಮನೆಯವರು ಹೋಮ ಮುಗಿಸಿ, ಹಣೆಯ ರಕ್ಷೆಯನ್ನೂ ಅಳಿಸದೆ ಬಂದು ನೋಡಿ ಹೋದರು.

ಪುರೋಹಿತರು ರಾಹುಕಾಲ ಎಂದು ಅವಸರ ಮಾಡುತ್ತಿದ್ದರು. ಆದರೆ ಅತ್ತೆ ದೊಡ್ಡಬಳ್ಳಾಪುರದಿಂದ ಅಣ್ಣನ ಮಗ ಬರದೆ ಎತ್ತಕೂಡದು ಎಂದುಬಿಟ್ಟರು. ಅವನು ಬರುತ್ತಾನೆಂಬ ನಂಬಿಕೆ ಅಲ್ಲಿದ್ದವರಿಗೆ ಯಾರಿಗೂ ಇರಲಿಲ್ಲ. ದೊಡ್ಡ ಮಗಳು ಮೆಲ್ಲಗೆ, "ಅವನು ಬರಲ್ಲಮ್ಮ, ನಾನೇ ಮಾಡ್ತೀನಿ" ಎಂದಳು. ಅತ್ತೆ, "ಮಾಡ್ವೆಯಂತೆ. ಅವನು ನೋಡಿದ ಮೇಲೆ" ಎಂದರು. ರಾಹುಕಾಲ ಬಂತು, ಹೋಯಿತು. ನಾವೆಲ್ಲ ಜಗುಲಿಯ ಮೇಲೆ ಕೂತಿದ್ದೆವು. ಪಕ್ಕದ ಹೋಟೆಲಿನಿಂದ ಕಾಫಿಯ ಫ್ಲಾಸ್ಕ್ ಬಂತು. ಯಾರು ಕುಡಿದರು, ಯಾರು ಬಿಟ್ಟರು, ಒಂದೂ ನೆನಪಿಲ್ಲ.

ಅವನು ಬಂದ. ತಲೆ ನರೆತಿತ್ತು, ಅಪ್ಪನ ಎತ್ತರವೇ ಬಂದಿತ್ತು. ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ, ಮಾಮನ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತ. ತುಂಬಾ ಹೊತ್ತು ನೋಡಿದ. ಅತ್ತೆ ಪಕ್ಕದಲ್ಲಿ ನಿಂತು, "ನೋಡ್ಕೋ. ಅವಸರ ಇಲ್ಲ" ಎಂದರು. ಆಮೇಲೆ ಅವನೇ ಎದ್ದು ಚಟ್ಟಕ್ಕೆ ಭುಜ ಕೊಟ್ಟ. ದೊಡ್ಡ ಮಗಳು ಬೆಂಕಿ ಕೊಟ್ಟಳು.

ಅವತ್ತು ಅಂಗಡಿಯ ಹಲಗೆ ಒಂದನ್ನಲ್ಲ, ಎಲ್ಲವನ್ನೂ ಮುಚ್ಚಿದ್ದರು. ಮತ್ತೆ ಅವು ತೆರೆಯಲಿಲ್ಲ. ಈಗ ಅಲ್ಲಿ ಮೊಬೈಲಿಗೆ ಕವರ್ ಹಾಕಿಕೊಡುವ ಅಂಗಡಿ ಇದೆ. ಹಲಗೆಯ ಜಾಗಕ್ಕೆ ಗಾಜು ಬಂದಿದೆ. ಅತ್ತೆ ಓಕಳಿಪುರಂನಲ್ಲಿ ಚಿಕ್ಕ ಮಗಳ ಮನೆಯಲ್ಲಿದ್ದಾರೆ.

ಸೀರೆಗಳನ್ನು ಗಾಳಿಗೆ ಹಾಕಿದ ಮಾರನೆಯ ದಿನ ಅಲ್ಲಿಗೆ ಹೋದೆ. ಹೋಗಿ ಬಹಳ ದಿನವಾಗಿತ್ತು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ರೈಲು ಹೋದಾಗಲೆಲ್ಲ ಕಿಟಕಿಯ ಸರಳು ಸಣ್ಣಗೆ ನಡುಗುತ್ತಿತ್ತು. ನನ್ನ ಸೊಸೆ, ನನ್ನ ಮಂಡಿನೋವು, ಬದನೆಕಾಯಿಯ ರುಚಿ ಕೆಟ್ಟುಹೋದದ್ದು, ಎಲ್ಲ ಮಾತಾಡಿದೆವು. ಮಗಳು ಕಾಫಿ ಮಾಡಲು ಒಳಗೆ ಹೋದಳು.

"ಅವತ್ತು ನೀನು ಕಿಟಕೀಲಿ ನಿಂತಿದ್ದೆ" ಎಂದರು ಅತ್ತೆ ಇದ್ದಕ್ಕಿದ್ದ ಹಾಗೆ.

"ಹೂಂ ಅತ್ತೆ."

"ನಾನೇನಾದ್ರೂ ಮಾತಾಡಿದ್ನಾ?"

"ಇಲ್ಲ."

"ಮತ್ತೆ ಅವರಿಗೆ ಹೆಂಗೆ ಗೊತ್ತಾಯ್ತು?"

ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಕೂದಲು ನೋಡಿದ್ರು, ಸೀರೆ ನೋಡಿದ್ರು, ನನ್ನ ಮುಖ ನೋಡಿದ್ರು. ಅಲ್ಲಿಗೆ ಎಲ್ಲಾ ತಿಳೀತಲ್ಲ. ಶಾಸ್ತ್ರಕ್ಕೆ ಕಿವಿ ಮಾತ್ರ ಇರೋದೇನೆ? ಕಣ್ಣಿಲ್ವಾ?" ನನ್ನ ಮುಖದಲ್ಲಿ ಏನು ಕಂಡಿತೋ, ಕೈ ತಟ್ಟಿ ನಕ್ಕುಬಿಟ್ಟರು. "ಹೆದರ್ಕೋಬೇಡ. ನಿನ್ನ ಮದುವೆಗೆ ಏನೂ ಆಗಿಲ್ಲ. ಸೊಸೆ ಬಂದಾಯ್ತು ನಿಂಗೆ."

ಒಂದು ರೈಲು ಹೋಯಿತು. ಅದು ಪೂರ್ತಿ ಹೋಗುವವರೆಗೆ ಕಾದು ಅತ್ತೆ ಮತ್ತೆ ಶುರುಮಾಡಿದರು.

"ಅಣ್ಣನ ಮುಖ ನೋಡೋಕೆ ಸಿಗಲಿಲ್ಲ ಪಾಪ ಅಂತ ಎಲ್ರೂ ಅಂತಾರೆ. ನೋಡಿದ್ರು ಕಣೆ. ನನ್ನ ಮುಖದಲ್ಲೇ ನೋಡಿದ್ರು. ಆಮೇಲೆ ನನ್ನ ಮುಖಾನ ನೆಟ್ಟಗೆ ನೋಡಿದ್ದೇ ಇಲ್ಲ. ಊಟಕ್ಕೆ ಕೂತ್ರೆ ಎಲೆ ನೋಡೋರು, ಕಾಫಿ ಕೊಟ್ರೆ ಲೋಟ ನೋಡೋರು. ಜಗಳ ಆಡಿದ್ರೂ ಗೋಡೆ ಜೊತೆ ಆಡ್ದ ಹಾಗೆ. ಕೊನೇಲಿ ಆಸ್ಪತ್ರೇಲಿ ನಾನೇ ಗಲ್ಲ ಹಿಡಿದು ತಿರುಗಿಸ್ದೆ, ಈಗಲಾದ್ರೂ ನೋಡ್ರೀ ಅಂತ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಕಣ್ಣು ಮುಚ್ಕೊಂಡ್ರು."

ಮಗಳು ಕಾಫಿ ತಂದಳು. ಕುಡಿದೆವು. ಸಕ್ಕರೆ ಸಾಕಾ ಎಂದು ಕೇಳಿದಳು, ಸಾಕು ಎಂದೆ.

ಮಾಮ ಇಲ್ಲ. ಅಣ್ಣ ಇಲ್ಲ. ನನ್ನ ಅಮ್ಮನೂ, ಆ ಅಜ್ಜಿಯೂ ಇಲ್ಲ. ಆ ಬೆಳಿಗ್ಗೆ ಆ ಓಣಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರೆಂದು ಉಳಿದಿರುವುದು ನಾವಿಬ್ಬರೇ. ಅಳು ಬರಬಹುದೇನೋ ಎಂದು ಕಾದೆ. ಬರಲಿಲ್ಲ.

ಹೊರಡುವ ಮೊದಲು ಕುರ್ಚಿಯನ್ನು ಅತ್ತೆಯ ಎದುರಿಗೆ ಎಳೆದುಕೊಂಡು ಅವರ ಮುಖವನ್ನು ನೋಡಿದೆ. ಸುಕ್ಕುಗಟ್ಟಿದ, ಸಾಧಾರಣ, ವಯಸ್ಸಾದ ಹೆಂಗಸಿನ ಮುಖ. ಎಡಗಣ್ಣಲ್ಲಿ ಪೊರೆ, ಗಲ್ಲದ ಮೇಲೊಂದು ಬಿಳಿ ಕೂದಲು. ಏನೆ, ಏನು ನೋಡ್ತಿದೀಯ ಎಂದು ಅವರು ಕೇಳಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ನನ್ನ ಕಡೆಗೇ ಮುಖ ಮಾಡಿ ನೋಡಿಸಿಕೊಳ್ಳುತ್ತಾ ಕೂತರು.